ವೆಂಟಿಲೇಟರ್, ಶ್ವಾಸಕೋಶದ ಉರಿಯೂತ ಮತ್ತು ಜಿಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

'ವೆಂಟಿಲೇಟರ್‌ನಿಂದ ಆಗುವ ಹಾನಿಗೆ ಜಿಂಕ್ ಮದ್ದು?' ಇಂಥ ತಲೆಬರಹದ ಸುದ್ದಿ ಆಗಾಗ ಮೊಬೈಲಿಗೆ ಬರುತ್ತದೆ. ಕೊನೆಯಲ್ಲಿರುವ ಪ್ರಶ್ನೆಯ ಗುರುತು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಐಸಿಯು ಬಾಗಿಲ ಹೊರಗೆ ಕಾಯುತ್ತಾ ಕೂತವರಿಗಂತೂ ಅದು ಬೀಳುವುದೇ ಇಲ್ಲ. ಅವರು ಕೇಳುವ ಪ್ರಶ್ನೆಗಳನ್ನೂ, ಸುಮ್ನೆ ಕುತೂಹಲಕ್ಕೆ ಓದುವವರು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಜೀವ ಉಳಿಸುವ ಯಂತ್ರವೇ ಶ್ವಾಸಕೋಶಕ್ಕೆ ಏಟು ಕೊಡುತ್ತದಾ?

ಕೊಡಬಹುದು. ನಾವು ಸಹಜವಾಗಿ ಉಸಿರಾಡುವಾಗ ಎದೆ ಹಿಗ್ಗುತ್ತದೆ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿಯುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ವೆಂಟಿಲೇಟರ್ ಮಾಡುವುದು ಇದಕ್ಕೆ ಉಲ್ಟಾ. ಅದು ಗಾಳಿಯನ್ನು ಒತ್ತಡ ಹಾಕಿ ಒಳಗೆ ತಳ್ಳುತ್ತದೆ. ವಯಸ್ಕರ ಶ್ವಾಸಕೋಶದಲ್ಲಿ ಸರಾಸರಿ 48 ಕೋಟಿ ಪುಟ್ಟ ಗಾಳಿಚೀಲಗಳಿವೆ. ಅವುಗಳ ಗೋಡೆ ಕೂದಲೆಳೆಗಿಂತ ಎಷ್ಟೋ ತೆಳು. ತಳ್ಳುವ ಗಾಳಿ ಜಾಸ್ತಿಯಾದರೆ ಈ ಗೋಡೆಗಳು ತಡೆಯುವ ಮಿತಿ ಮೀರಿ ಹಿಗ್ಗುತ್ತವೆ.

ಕಾಯಿಲೆಯ ಶ್ವಾಸಕೋಶದಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಎಷ್ಟೋ ಗಾಳಿಚೀಲಗಳು ನೀರು ತುಂಬಿಕೊಂಡು ಅಥವಾ ಮುದುಡಿಕೊಂಡು ಮುಚ್ಚಿಹೋಗಿರುತ್ತವೆ. ಯಂತ್ರ ಕಳಿಸಿದ ಗಾಳಿಯೆಲ್ಲ ತೆರೆದಿರುವ ಚೂರು ಭಾಗಕ್ಕೇ ನುಗ್ಗುತ್ತದೆ. ವಯಸ್ಕ ರೋಗಿಯಲ್ಲಿ ಕೆಲಸ ಮಾಡುತ್ತಿರುವ ಭಾಗ ಒಂದು ಮಗುವಿನ ಶ್ವಾಸಕೋಶದಷ್ಟೇ ಉಳಿದಿರಬಹುದು. ವೈದ್ಯರು ಇದನ್ನು 'ಬೇಬಿ ಲಂಗ್' ಅಂತಲೇ ಕರೆಯುತ್ತಾರೆ.

ಸೋಂಕೇ ಇಲ್ಲದೆ ಬರೀ ಗಾಳಿಯಿಂದ ಉರಿಯೂತ ಹೇಗೆ ಬರುತ್ತದೆ?

ಜೀವಕೋಶವನ್ನು ಎಳೆದರೆ ಅದಕ್ಕೆ ಗೊತ್ತಾಗುತ್ತದೆ. ಮಿತಿ ಮೀರಿ ಎಳೆದರೆ 'ಏಟು ಬಿದ್ದಿದೆ' ಅಂತ ಕೂಗು ಹಾಕುತ್ತದೆ. ಆ ಕೂಗೇ ಸೈಟೊಕೈನ್ ಎಂಬ ರಾಸಾಯನಿಕಗಳು. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಟಿಎನ್‌ಎಫ್ ಆಲ್ಫಾ ಎಂಬ ಹೆಸರುಗಳು ಈ ವಿಷಯದಲ್ಲಿ ಪದೇ ಪದೇ ಬರುತ್ತವೆ. ಕೂಗು ಕೇಳಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಕೊಲ್ಲಲು ರೋಗಾಣು ಇರಲಿ ಇಲ್ಲದಿರಲಿ, ತಮ್ಮ ಬಳಿಯಿರುವ ಆಯುಧಗಳನ್ನು ಬಳಸುತ್ತವೆ. ಗಾಳಿಚೀಲದ ಗೋಡೆ ಸೋರತೊಡಗುತ್ತದೆ. ರಕ್ತದ ನೀರು, ಪ್ರೋಟೀನ್ ಎಲ್ಲ ಗಾಳಿ ಇರಬೇಕಾದ ಜಾಗಕ್ಕೆ ಬರುತ್ತವೆ.

ಕೂಗು ಅಲ್ಲಿಗೇ ನಿಲ್ಲುವುದೂ ಇಲ್ಲ. ಸೈಟೊಕೈನ್‌ಗಳು ರಕ್ತ ಸೇರಿ ಮೂತ್ರಪಿಂಡ, ಯಕೃತ್ತಿನವರೆಗೂ ಹೋಗಬಲ್ಲವು. ತೀವ್ರ ಶ್ವಾಸಕೋಶ ವೈಫಲ್ಯದಲ್ಲಿ ಹಲವರ ಸಾವಿಗೆ ಆಮ್ಲಜನಕದ ಕೊರತೆಯೊಂದೇ ಕಾರಣವಲ್ಲ. ಒಂದಾದ ಮೇಲೆ ಒಂದು ಅಂಗ ಕೈಕೊಡುತ್ತದೆ.

ಇದು ಈಗ ಹೊಸದಾಗಿ ಕಂಡುಕೊಂಡದ್ದಾ?

ಇಲ್ಲ, ಸಾಕಷ್ಟು ಹಳೆಯ ಕಥೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿತ್ತು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಟ್ಯೂಬ್ ಹಾಕಿ, ಕೈಯಿಂದ ಚೀಲ ಒತ್ತಿ ಗಾಳಿ ಕೊಡಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಆ ಚೀಲ ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ ಅಂತ ಹೇಳುವುದುಂಟು. 1967ರಲ್ಲಿ 12 ರೋಗಿಗಳ ವಿವರದೊಂದಿಗೆ ಎಆರ್‌ಡಿಎಸ್, ಅಂದರೆ ತೀವ್ರ ಉಸಿರಾಟ ತೊಂದರೆಯ ಸಿಂಡ್ರೋಮ್, ಮೊದಲ ಬಾರಿಗೆ ವರದಿಯಾಯಿತು.

1974ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬ ಇಬ್ಬರು ಆರೋಗ್ಯವಂತ ಇಲಿಗಳಿಗೆ ಬೇರೆ ಬೇರೆ ಒತ್ತಡದಲ್ಲಿ ಗಾಳಿ ಕೊಟ್ಟು ನೋಡಿದರು. 45 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ (ಇಲ್ಲಿ ಒತ್ತಡವನ್ನು ನೀರಿನ ಎತ್ತರದ ಲೆಕ್ಕದಲ್ಲಿ ಹೇಳುತ್ತಾರೆ) ಶ್ವಾಸಕೋಶ ನೀರು ತುಂಬಿ ಊದಿಕೊಂಡಿತು. ಉಸಿರು ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಸಿಕೊಂಡರೆ ಹಾನಿ ಕಡಿಮೆ ಎಂಬುದೂ ಅಲ್ಲೇ ಕಂಡಿತು. 1997ರಲ್ಲಿ ಟ್ರೆಂಬ್ಲೇ ಮತ್ತು ಸಂಗಡಿಗರು ಇಲಿಯ ಶ್ವಾಸಕೋಶವನ್ನು ಹೊರತೆಗೆದು ಗಾಳಿ ತುಂಬಿ, ಗಾಳಿ ಕೊಡುವ ರೀತಿಗೆ ತಕ್ಕಂತೆ ಸೈಟೊಕೈನ್ ಏರುತ್ತದೆ ಎಂದು ತೋರಿಸಿದರು. ಯಾಂತ್ರಿಕ ಏಟು ಜೈವಿಕ ಏಟಾಗಿ ಬದಲಾಗುವುದಕ್ಕೆ 'ಬಯೋಟ್ರಾಮಾ' ಎಂಬ ಹೆಸರು ಬಂದದ್ದು ಈ ಕಾಲದಲ್ಲಿ.

ಆಮೇಲೆ ಬಂದದ್ದು 2000ದ ದೊಡ್ಡ ಪರೀಕ್ಷೆ. ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 861 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಪ್ರತಿ ಉಸಿರಿಗೆ, ಎತ್ತರದಿಂದ ಲೆಕ್ಕ ಹಾಕಿದ ದೇಹತೂಕದ ಪ್ರತಿ ಕೆಜಿಗೆ 12 ಮಿ.ಲೀ. ಗಾಳಿ, ಇನ್ನೊಂದಕ್ಕೆ 6 ಮಿ.ಲೀ. ಮೊದಲ ಗುಂಪಿನಲ್ಲಿ 39.8% ಜನ ಸತ್ತರು, ಎರಡನೆಯದರಲ್ಲಿ 31.0%. ಯಾವ ಹೊಸ ಔಷಧಿಯೂ ಇಲ್ಲ. ಗುಂಡಿ ತಿರುಗಿಸಿ ಗಾಳಿ ಕಡಿಮೆ ಮಾಡಿದ್ದಷ್ಟೇ. ಈ ಪರೀಕ್ಷೆಯ ಇನ್ನೊಂದು ಸ್ವಾರಸ್ಯವಿದೆ, ಮುಂದೆ ಹೇಳುತ್ತೇನೆ.

ಹಾಗಾದರೆ ವೆಂಟಿಲೇಟರ್ ಹಾಕಿಸುವುದೇ ಬೇಡವಾ?

ದಯವಿಟ್ಟು ಹಾಗೆ ಓದಬೇಡಿ. ಯಂತ್ರ ಬೇಕಾದವರಿಗೆ ಅದಿಲ್ಲದಿದ್ದರೆ ಗಂಟೆಗಳಲ್ಲಿ ಜೀವ ಹೋಗುತ್ತದೆ. ಪ್ರಶ್ನೆ ಇರುವುದು ಅದನ್ನು ಎಷ್ಟು ಮೆತ್ತಗೆ ನಡೆಸಬಹುದು ಎಂಬುದರಲ್ಲಿ ಮಾತ್ರ.

ಇದರ ನಡುವೆ ಜಿಂಕ್ ಎಲ್ಲಿಂದ ಬಂತು?

ಗಾಳಿ ಕಡಿಮೆ ಕೊಟ್ಟರೂ ಹಾನಿ ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಶ್ವಾಸಕೋಶವೇ ಎಳೆತವನ್ನು ತಡೆದುಕೊಳ್ಳುವ ಹಾಗೆ ಮಾಡಲು ಆಗುತ್ತದಾ ಅಂತ ಹುಡುಕಾಟ ಶುರುವಾಯಿತು.

ಜಿಂಕ್, ಅಂದರೆ ಸತು, ನಮ್ಮ ಮೈಯಲ್ಲಿ ಒಟ್ಟು 2ರಿಂದ 3 ಗ್ರಾಂ ಇರುತ್ತದೆ. ಇಷ್ಟು ಚೂರೇ ಆದರೂ ನೂರಾರು ಕಿಣ್ವಗಳಿಗೆ ಬೇಕು. ಮನುಷ್ಯರಿಗೂ ಇದರ ಕೊರತೆ ಬರಬಹುದು ಅಂತ ತೋರಿಸಿಕೊಟ್ಟವರಲ್ಲಿ ಮುಖ್ಯರು ಭಾರತ ಮೂಲದ ವೈದ್ಯ ಆನಂದ ಪ್ರಸಾದ್. ಇರಾನ್ ಮತ್ತು ಈಜಿಪ್ಟ್‌ನಲ್ಲಿ ಬೆಳವಣಿಗೆ ಕುಂಠಿತವಾದ ಹುಡುಗರನ್ನು ನೋಡಿ, 1960ರ ದಶಕದ ಆರಂಭದಲ್ಲಿ ಅವರು ಇದನ್ನು ಹೇಳಿದಾಗ ನಂಬಿದವರು ಕಡಿಮೆ.

ಜೀವಕೋಶದೊಳಗೆ ಮೆಟಲೊಥಯೊನೀನ್ ಎಂಬ ಪುಟ್ಟ ಪ್ರೋಟೀನ್ ಇದೆ. ಜಿಂಕನ್ನು ಹಿಡಿದಿಟ್ಟುಕೊಳ್ಳುವುದು, ಬೇಕಾದಾಗ ಬಿಡುವುದು, ಆಕ್ಸಿಡೀಕರಣದ ಹಾನಿಯಿಂದ ಕೋಶವನ್ನು ಕಾಯುವುದು ಅದರ ಕೆಲಸ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿಗೆ ತುಂಬಾ ಹತ್ತಿರದ್ದು. ಅದರಲ್ಲಿ ಮನುಷ್ಯನ ಜೀವಕೋಶಗಳನ್ನು ಎಳೆದಾಗ, ಸುಂಡಿಲಿಯ ಶ್ವಾಸಕೋಶವನ್ನು ಹಿಗ್ಗಿಸಿದಾಗ, ಈ ಪ್ರೋಟೀನ್ ಜೋರಾಗಿ ತಯಾರಾಯಿತು. ತಯಾರಾಗಲು ಜಿಂಕ್ ಬೇಕೇ ಬೇಕಿತ್ತು. ಈ ಪ್ರೋಟೀನಿನ ಜೀನ್ ಇಲ್ಲದ ಸುಂಡಿಲಿಗಳಿಗೆ ವೆಂಟಿಲೇಟರ್ ಹಾನಿ ಜಾಸ್ತಿಯಾಯಿತು. ಆಹಾರದಲ್ಲಿ ಜಿಂಕ್ ಕಡಿಮೆ ಮಾಡಿದ ಸುಂಡಿಲಿಗಳಿಗೂ ಹಾಗೇ ಆಯಿತು. ಜೊತೆಗೆ, ಎಆರ್‌ಡಿಎಸ್‌ಗೆ ತುತ್ತಾದ ಐಸಿಯು ರೋಗಿಗಳ ರಕ್ತದಲ್ಲಿ ಜಿಂಕ್ ಮಟ್ಟ ಉಳಿದ ಐಸಿಯು ರೋಗಿಗಳಿಗಿಂತ ಕಡಿಮೆ ಇತ್ತು.

ಅಂದರೆ ಎಳೆತ ಬಿದ್ದಾಗ ಶ್ವಾಸಕೋಶ ತನಗೆ ತಾನೇ ಒಂದು ಗುರಾಣಿ ಮಾಡಿಕೊಳ್ಳುತ್ತದೆ, ಅದಕ್ಕೆ ಜಿಂಕ್ ಬೇಕು. ಇದು ನಿಜಕ್ಕೂ ಚೆಂದದ ಕೆಲಸ. ಆದರೆ ಇದು ಹೇಳಿದ್ದು ಕೊರತೆಯ ಬಗ್ಗೆ. 'ಜಿಂಕ್ ಇಲ್ಲದಿದ್ದರೆ ಕಷ್ಟ' ಎಂಬುದಕ್ಕೂ 'ಜಿಂಕ್ ಕೊಟ್ಟರೆ ಗುಣ' ಎಂಬುದಕ್ಕೂ ನಡುವೆ ಒಂದು ಹೊಳೆಯೇ ಇದೆ. ಸುದ್ದಿ ಬರೆಯುವವರು ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತಾರೆ.

ಪ್ರಯೋಗಾಲಯದಲ್ಲಿ ಇದನ್ನು ಹೇಗೆ ಪರೀಕ್ಷಿಸುತ್ತಾರೆ?

ಮೊದಲು ಜೀವಕೋಶ. ರಬ್ಬರಿನಂತೆ ಎಳೆಯಬಹುದಾದ ತೆಳು ಹಾಳೆಯ ಮೇಲೆ ಶ್ವಾಸಕೋಶದ ಕೋಶಗಳನ್ನು ಬೆಳೆಸುತ್ತಾರೆ. ಹಾಳೆಯನ್ನು ಉಸಿರಾಟದ ತಾಳಕ್ಕೆ ಎಳೆದು ಬಿಡುತ್ತಾರೆ. ದ್ರವದಲ್ಲಿ ಸೈಟೊಕೈನ್ ಎಷ್ಟಿದೆ ನೋಡುತ್ತಾರೆ.

ಆಮೇಲೆ ಇಲಿ ಅಥವಾ ಸುಂಡಿಲಿ. ಸುಂಡಿಲಿಯ ತೂಕ ಸುಮಾರು 25 ಗ್ರಾಂ, ಅದರ ಒಂದು ಉಸಿರು ಒಂದು ಮಿಲಿಲೀಟರ್‌ನ ಐದನೇ ಒಂದು ಭಾಗದಷ್ಟು. ಅದಕ್ಕೆ ತಕ್ಕ ಪುಟಾಣಿ ವೆಂಟಿಲೇಟರ್ ಇರುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು, ಉಸಿರುನಾಳಕ್ಕೆ ಟ್ಯೂಬ್ ಹಾಕಿ, ಕೆಲವು ಗಂಟೆ ದೊಡ್ಡ ಉಸಿರು ಕೊಡುತ್ತಾರೆ.

ಇಲ್ಲಿ ಕಡೇಪಕ್ಷ ನಾಲ್ಕು ಗುಂಪು ಬೇಕು. ತಾನಾಗಿ ಉಸಿರಾಡುವ, ಜಿಂಕ್ ಬದಲು ಬರೀ ಉಪ್ಪುನೀರು ಪಡೆದ ಗುಂಪು. ತಾನಾಗಿ ಉಸಿರಾಡುವ, ಜಿಂಕ್ ಪಡೆದ ಗುಂಪು. ವೆಂಟಿಲೇಟರ್ ಮತ್ತು ಉಪ್ಪುನೀರು. ವೆಂಟಿಲೇಟರ್ ಮತ್ತು ಜಿಂಕ್. ಎರಡನೇ ಗುಂಪು ಯಾಕೆ ಅಂತ ಹಲವರು ಕೇಳುತ್ತಾರೆ. ಜಿಂಕೇ ಶ್ವಾಸಕೋಶಕ್ಕೆ ಏನಾದರೂ ತೊಂದರೆ ಮಾಡುತ್ತಿದ್ದರೆ ಅದು ಗೊತ್ತಾಗುವುದು ಆ ಗುಂಪಿನಲ್ಲಿ. ಖರ್ಚು ಉಳಿಸಲು ಅದನ್ನೇ ಬಿಟ್ಟರೆ ಉಳಿದ ಲೆಕ್ಕವೆಲ್ಲ ಅರೆಬರೆ.

ಕೊನೆಗೆ ಅಳತೆ. ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ವಾಪಸ್ ಎಳೆದು, ಆ ತೊಳೆದ ನೀರಿನಲ್ಲಿ ನ್ಯೂಟ್ರೋಫಿಲ್ ಎಷ್ಟು, ಪ್ರೋಟೀನ್ ಎಷ್ಟು, ಇಂಟರ್‌ಲ್ಯೂಕಿನ್-6 ಎಷ್ಟು ಅಂತ ನೋಡುತ್ತಾರೆ. ಶ್ವಾಸಕೋಶವನ್ನು ಒದ್ದೆಯಾಗಿದ್ದಾಗ ತೂಗಿ, ಒಣಗಿಸಿ ಮತ್ತೆ ತೂಗುತ್ತಾರೆ. ಎಷ್ಟು ನೀರು ಸೋರಿತ್ತು ಅಂತ ಅದರಿಂದ ಗೊತ್ತಾಗುತ್ತದೆ. ತೆಳು ಚೂರು ಮಾಡಿ ಸೂಕ್ಷ್ಮದರ್ಶಕದಲ್ಲಿ ಅಂಕ ಕೊಡುತ್ತಾರೆ. ಅಂಕ ಕೊಡುವವರಿಗೆ ಯಾವ ಚೂರು ಯಾವ ಗುಂಪಿನದು ಅಂತ ಗೊತ್ತಿರಬಾರದು. ಗೊತ್ತಿದ್ದರೆ ಎಷ್ಟೇ ಪ್ರಾಮಾಣಿಕರಾದರೂ ಕೈ ಒಂದು ಕಡೆ ವಾಲುತ್ತದೆ.

ಪ್ರಾಣಿಗಳನ್ನು ಹೀಗೆ ಬಳಸುವುದು ಸರಿಯಾ?

ನನಗೂ ಇರುಸುಮುರುಸಾಗುವ ಪ್ರಶ್ನೆ. ನೈತಿಕ ಸಮಿತಿಯ ಅನುಮತಿ, ಪೂರ್ತಿ ಅರಿವಳಿಕೆ, ಸಾಧ್ಯವಾದಷ್ಟು ಕಡಿಮೆ ಪ್ರಾಣಿ, ಬೇರೆ ದಾರಿ ಇದ್ದರೆ ಪ್ರಾಣಿಯೇ ಬೇಡ ಎಂಬ ನಿಯಮಗಳಿವೆ. ನನ್ನ ಅಭಿಪ್ರಾಯದಲ್ಲಿ, ಗುಂಪು ಸರಿಯಾಗಿ ಮಾಡದೆ, ಏನೂ ತಿಳಿಯದ ಹಾಗೆ ಪರೀಕ್ಷೆ ನಡೆಸಿ ಪ್ರಾಣಿಗಳನ್ನು ಕೊಲ್ಲುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಇಲಿಯಲ್ಲಿ ಕೆಲಸ ಮಾಡಿದರೆ ಸಾಕಲ್ವಾ? ಇನ್ನೇನು ಕಾಯುವುದು?

'ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು' ಅಂದ ಹಾಗಾಗುತ್ತದೆ.

ಒಂದು, ಸಮಯ. ಇಲಿಗೆ ಹಲವು ಬಾರಿ ವೆಂಟಿಲೇಟರ್ ಹಾಕುವ ಮುಂಚೆಯೇ ಔಷಧಿ ಕೊಟ್ಟಿರುತ್ತಾರೆ. ಮನುಷ್ಯ ಆಸ್ಪತ್ರೆಗೆ ಬರುವಾಗ ಉರಿಯೂತ ಆಗಲೇ ಹೊತ್ತಿಕೊಂಡಿರುತ್ತದೆ. ಬೆಂಕಿ ಬೀಳುವ ಮುಂಚೆ ಸೂರಿಗೆ ನೀರು ಹಾಕಿದ್ದನ್ನು ನೋಡಿ, ಉರಿಯುವ ಮನೆಯ ಬಗ್ಗೆ ಏನು ಹೇಳುವುದು?

ಇನ್ನೊಂದು, ಆ ಇಲಿಗಳು ಎಳೆಯವು, ಆರೋಗ್ಯವಾಗಿದ್ದವು, ಒಂದೇ ತಳಿಯವು. ಐಸಿಯುನಲ್ಲಿ ಇರುವವರಿಗೆ ನ್ಯುಮೋನಿಯಾ, ಸಕ್ಕರೆ ಕಾಯಿಲೆ, ವಯಸ್ಸು, ಹತ್ತಾರು ಔಷಧಿ ಎಲ್ಲ ಜೊತೆಗಿರುತ್ತವೆ. ಇದಕ್ಕಾಗಿ ಕೆಲವರು 'ಎರಡು ಏಟಿನ' ಮಾದರಿ ಬಳಸುತ್ತಾರೆ. ಮೊದಲು ಬ್ಯಾಕ್ಟೀರಿಯಾದ ವಿಷ ಕೊಟ್ಟು, ಆಮೇಲೆ ವೆಂಟಿಲೇಟರ್. ಇದು ಸ್ವಲ್ಪ ಹತ್ತಿರ ಬರುತ್ತದೆ.

ಗಾಳಿಯ ಪ್ರಮಾಣವನ್ನೂ ನೋಡಬೇಕು. ಇಲಿಗೆ ಕೆಜಿಗೆ 20 ಮಿ.ಲೀ. ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟು ಹಾನಿ ಮಾಡುತ್ತಾರೆ. ಇಂದು ಯಾವ ಒಳ್ಳೆಯ ಐಸಿಯುನಲ್ಲೂ ಅಷ್ಟು ಕೊಡುವುದಿಲ್ಲ.

ನಮ್ಮವರ ರಕ್ತದಲ್ಲಿ ಜಿಂಕ್ ಕಡಿಮೆ ಅಂತ ರಿಪೋರ್ಟ್ ಬಂದಿದೆ. ಅದು ಕೊರತೆ ತಾನೇ?

ಇರಬಹುದು, ಇಲ್ಲದೆಯೂ ಇರಬಹುದು. ಮೈಯಲ್ಲಿರುವ ಒಟ್ಟು ಜಿಂಕ್‌ನಲ್ಲಿ ರಕ್ತದ ಪ್ಲಾಸ್ಮಾದಲ್ಲಿರುವುದು ಸುಮಾರು 0.1% ಮಾತ್ರ. ಉಳಿದದ್ದು ಸ್ನಾಯು, ಮೂಳೆ, ಬೇರೆ ಅಂಗಗಳಲ್ಲಿದೆ. ಜೇಬಿನಲ್ಲಿರುವ ಚಿಲ್ಲರೆ ಎಣಿಸಿ ಬ್ಯಾಂಕಿನ ಖಾತೆ ಹೇಳಿದ ಹಾಗೆ.

ಅದೂ ಅಲ್ಲದೆ ಉರಿಯೂತ ಬಂದ ಕೂಡಲೇ ದೇಹವೇ ಜಿಂಕನ್ನು ರಕ್ತದಿಂದ ಯಕೃತ್ತಿಗೆ ಸಾಗಿಸುತ್ತದೆ. ಈ ಸಾಗಣೆಗೆ ಅಪ್ಪಣೆ ಕೊಡುವುದು ಅದೇ ಇಂಟರ್‌ಲ್ಯೂಕಿನ್-6. ರೋಗಾಣುಗಳಿಗೆ ಜಿಂಕ್ ಸಿಗದಿರಲಿ ಎಂಬುದು ಅದರ ಒಂದು ಉದ್ದೇಶ ಅಂತ ತಿಳಿಯಲಾಗಿದೆ. ಹಾಗಾಗಿ ಜಿಂಕ್ ಕಡಿಮೆಯಾದ್ದರಿಂದ ಕಾಯಿಲೆ ಜೋರಾಯಿತೋ, ಕಾಯಿಲೆ ಜೋರಾದ್ದರಿಂದ ಜಿಂಕ್ ಕಡಿಮೆ ಕಂಡಿತೋ? ಒಂದು ರಿಪೋರ್ಟ್ ನೋಡಿ ಹೇಳಲು ಆಗುವುದಿಲ್ಲ. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕಡಿಮೆಯಾದರೂ ಜಿಂಕ್ ಕಡಿಮೆ ಕಾಣುತ್ತದೆ, ಏಕೆಂದರೆ ರಕ್ತದಲ್ಲಿ ಜಿಂಕ್ ಹೆಚ್ಚಾಗಿ ಅದಕ್ಕೇ ಅಂಟಿಕೊಂಡು ಓಡಾಡುತ್ತದೆ. ಆದ್ದರಿಂದ ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಮತ್ತು ಅಲ್ಬುಮಿನ್ ಜೊತೆಗಿಟ್ಟುಕೊಂಡೇ ಈ ಸಂಖ್ಯೆಯನ್ನು ಓದಬೇಕು.

ರಕ್ತ ತೆಗೆಯುವುದರಲ್ಲೂ ಎಡವಟ್ಟಾಗುತ್ತದೆ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಲ್ಲೇ ಜಿಂಕ್ ಇರಬಹುದು. ಕೆಂಪು ರಕ್ತಕಣ ಒಡೆದರೂ ಸಂಖ್ಯೆ ಏರುತ್ತದೆ. ಇದಕ್ಕಾಗಿಯೇ ಜಿಂಕಿನಂತೆ ದೇಹದಲ್ಲಿ ಚೂರೇ ಇರುವ ಖನಿಜಗಳ ಪರೀಕ್ಷೆಗೆ ಬೇರೆ ಟ್ಯೂಬ್ ಇರುತ್ತದೆ.

ಮನುಷ್ಯರ ಮೇಲೆ ಪರೀಕ್ಷೆ ಸರಿಯಾಗಿ ನಡೆಯಬೇಕಾದರೆ ಏನೇನು ಬೇಕು?

ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು, ಯಾವ ಪ್ರಮಾಣ ತಡೆಯುತ್ತದೆ, ರಕ್ತದಲ್ಲಿ ಎಷ್ಟು ಏರುತ್ತದೆ ಅಂತ ನೋಡುತ್ತಾರೆ. ಬಾಯಿಂದ ಅಥವಾ ಮೂಗಿನ ನಳಿಕೆಯಿಂದ ಕೊಟ್ಟರೆ ಕಾಯಿಲೆಯ ಕರುಳು ಎಷ್ಟು ಹೀರುತ್ತದೆ ಅಂತ ಹೇಳಲು ಆಗದು. ಹಾಗಾಗಿ ರಕ್ತನಾಳದ ಮೂಲಕವೇ ಕೊಡುವುದು ಲೆಕ್ಕಕ್ಕೆ ಸುಲಭ.

ಮುಂದೆ ದೊಡ್ಡ ಹಂತ. ಯಾರಿಗೆ ಜಿಂಕ್, ಯಾರಿಗೆ ಬರೀ ಉಪ್ಪುನೀರು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸಬೇಕು. ರೋಗಿಯ ಕಡೆಯವರಿಗೂ ಗೊತ್ತಿರಬಾರದು, ನರ್ಸಿಗೂ ಗೊತ್ತಿರಬಾರದು, ವೈದ್ಯರಿಗೂ ಗೊತ್ತಿರಬಾರದು. ಎರಡೂ ಗುಂಪಿಗೆ ವೆಂಟಿಲೇಟರ್ ಒಂದೇ ನಿಯಮದಂತೆ ನಡೆಯಬೇಕು. ನನ್ನ ಪ್ರಕಾರ ಹೆಚ್ಚು ಎಡವುವುದು ಇಲ್ಲೇ. ಒಂದು ಗುಂಪಿಗೆ 6 ಮಿ.ಲೀ., ಇನ್ನೊಂದಕ್ಕೆ 8 ಮಿ.ಲೀ. ಗಾಳಿ ಹೋಗಿದ್ದರೆ, ಉರಿಯೂತದ ವ್ಯತ್ಯಾಸ ಜಿಂಕಿನದೋ ಗಾಳಿಯದೋ ಯಾರು ಬಲ್ಲರು?

ಶುರುವಾಗುವ ಮುಂಚೆ ಜಿಂಕ್ ಎಷ್ಟಿತ್ತು ಅಂತಲೂ ಬರೆದಿಟ್ಟುಕೊಳ್ಳಬೇಕು. ಕೊರತೆ ಇದ್ದವರಿಗೆ ಉಪಯೋಗವಾಗಿ, ಇಲ್ಲದವರಿಗೆ ಆಗದಿದ್ದರೆ, ಇಬ್ಬರನ್ನೂ ಕಲಸಿ ನೋಡಿದಾಗ ಏನೂ ಕಾಣುವುದಿಲ್ಲ. ಇದಲ್ಲದೆ ಹೊರಗಿನ ಒಂದು ಸಮಿತಿ ನಡುನಡುವೆ ಅಂಕಿಅಂಶ ನೋಡಿ, ಹಾನಿ ಕಂಡರೆ ಪರೀಕ್ಷೆ ನಿಲ್ಲಿಸುವ ಅಧಿಕಾರ ಇಟ್ಟುಕೊಂಡಿರಬೇಕು.

ರೋಗಿಗೆ ಪ್ರಜ್ಞೆಯೇ ಇಲ್ಲ. ಒಪ್ಪಿಗೆ ಕೊಡುವವರು ಯಾರು?

ಸಾಮಾನ್ಯವಾಗಿ ಕಾನೂನು ಒಪ್ಪುವ ಹತ್ತಿರದ ಸಂಬಂಧಿ. ರೋಗಿಗೆ ಪ್ರಜ್ಞೆ ಬಂದ ಮೇಲೆ ಅವರನ್ನೂ ಕೇಳಬೇಕು. ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ನೀವು ಸಹಿ ಹಾಕುವ ಜಾಗದಲ್ಲಿದ್ದರೆ ಮೂರು ವಿಷಯ ಕೇಳಿ: ಪರೀಕ್ಷೆಗೆ ಸೇರದಿದ್ದರೆ ಚಿಕಿತ್ಸೆ ಬದಲಾಗುತ್ತದಾ (ಆಗಬಾರದು), ನಡುವೆ ಹೊರಬರಬಹುದಾ (ಬರಬಹುದು), ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ. ಉತ್ತರಕ್ಕೆ ಅವಸರ ಮಾಡಿದರೆ ಒಂದು ಗಂಟೆ ಸಮಯ ಕೇಳಿ. ಅದು ನಿಮ್ಮ ಹಕ್ಕು.

ಇಂಟರ್‌ಲ್ಯೂಕಿನ್-6 ಇಳಿಯಿತು ಅಂದರೆ ರೋಗಿ ಗುಣವಾಗುತ್ತಿದ್ದಾರೆ ಅಂತಲೇ ಅಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

2000ದ ಆ ಪರೀಕ್ಷೆಗೆ ವಾಪಸ್ ಹೋಗೋಣ. ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕದ ಲೆಕ್ಕ ಯಾರದು ಚೆನ್ನಾಗಿತ್ತು ಗೊತ್ತಾ? ಜಾಸ್ತಿ ಗಾಳಿ ಪಡೆದ, ಅಂದರೆ ಕೊನೆಗೆ ಜಾಸ್ತಿ ಸತ್ತ ಗುಂಪಿನದು. ಹಾಸಿಗೆ ಪಕ್ಕ ನಿಂತು ಮಾನಿಟರ್ ನೋಡಿದ್ದರೆ ಯಾರಿಗಾದರೂ ಆ ಚಿಕಿತ್ಸೆಯೇ ಮೇಲು ಅನ್ನಿಸುತ್ತಿತ್ತು. ಸಾವಿನ ಲೆಕ್ಕ ಹಾಕಿದ ಮೇಲೆಯೇ ನಿಜ ಗೊತ್ತಾದದ್ದು. ಅದೇ ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಜಾಸ್ತಿ ಇಳಿದದ್ದು ಕಡಿಮೆ ಗಾಳಿಯ ಗುಂಪಿನಲ್ಲಿ. ಒಂದು ಗುರುತು ಸರಿಯಾದ ದಾರಿ ತೋರಿಸಿತ್ತು, ಇನ್ನೊಂದು ತಪ್ಪು ದಾರಿ. ಯಾವುದು ಯಾವುದು ಅಂತ ಮುಂಚೆಯೇ ಹೇಳುವ ಉಪಾಯ ಇರಲಿಲ್ಲ.

ಉರಿಯೂತ ಪೂರ್ತಿ ಶತ್ರುವೂ ಅಲ್ಲ. ಸೋಂಕಿನ ಜೊತೆ ಹೋರಾಡುವುದು, ಸತ್ತ ಕೋಶ ಗುಡಿಸುವುದು ಅದೇ. ಸ್ಟೀರಾಯ್ಡ್‌ಗಳನ್ನೇ ನೋಡಿ. 2020ರಲ್ಲಿ ಬ್ರಿಟನ್‌ನ ರಿಕವರಿ ಪರೀಕ್ಷೆಯಲ್ಲಿ ಡೆಕ್ಸಮೆಥಾಸೋನ್ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿತು. ಆದರೆ 2006ರ ಇನ್ನೊಂದು ಪರೀಕ್ಷೆಯಲ್ಲಿ, ಎಆರ್‌ಡಿಎಸ್ ಶುರುವಾಗಿ ಎರಡು ವಾರ ಕಳೆದ ಮೇಲೆ ಸ್ಟೀರಾಯ್ಡ್ ಆರಂಭಿಸಿದವರಲ್ಲಿ ಸಾವು ಜಾಸ್ತಿ ಕಂಡಿತು. ಎರಡೂ ಉರಿಯೂತ ಇಳಿಸುವ ಔಷಧಿಗಳೇ.

ಹಾಗಾಗಿ ಜಿಂಕ್ ಪರೀಕ್ಷೆಯ ಕೊನೆಯಲ್ಲಿ ಎಣಿಸಬೇಕಾದದ್ದು ಎಷ್ಟು ಜನ ಬದುಕಿದರು, 28 ದಿನಗಳಲ್ಲಿ ಎಷ್ಟು ದಿನ ಯಂತ್ರವಿಲ್ಲದೆ ಉಸಿರಾಡಿದರು ಎಂಬುದನ್ನು. ಸೈಟೊಕೈನ್ ಲೆಕ್ಕ ಬೇಕಾದದ್ದು, ಫಲ ಯಾಕೆ ಹಾಗೆ ಬಂತು ಅಂತ ವಿವರಿಸಲು.

ಬೇರೆ ಖನಿಜಗಳನ್ನು ಹೀಗೆ ಪರೀಕ್ಷಿಸಿ ನೋಡಿದ್ದಾರಾ?

ಸೆಲೆನಿಯಮ್ ಮೇಲೆ ಬಹಳ ಆಸೆ ಇತ್ತು. 2013ರ ರೆಡಾಕ್ಸ್ ಪರೀಕ್ಷೆಯಲ್ಲಿ 40 ಐಸಿಯುಗಳ 1,223 ವೆಂಟಿಲೇಟರ್ ರೋಗಿಗಳು ಇದ್ದರು. ಸೆಲೆನಿಯಮ್, ಜಿಂಕ್, ಕೆಲವು ವಿಟಮಿನ್ ಸೇರಿದ ಮಿಶ್ರಣದಿಂದ ಸಾವು ಕಡಿಮೆಯಾಗಲಿಲ್ಲ. ಅದರಲ್ಲೇ ಪರೀಕ್ಷಿಸಿದ, ಪ್ರೋಟೀನಿನ ಒಂದು ಘಟಕವಾದ ಗ್ಲುಟಮೀನ್‌ನಿಂದ ಸಾವು ಹೆಚ್ಚೇ ಆಯಿತು. ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ. 2016ರಲ್ಲಿ ಜರ್ಮನಿಯ ಇನ್ನೊಂದು ದೊಡ್ಡ ಪರೀಕ್ಷೆ, ತೀವ್ರ ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿ ಮೀರಿ ಅಂಗಗಳೇ ಕೆಡುವ ಸ್ಥಿತಿ) ಇದ್ದ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು, ಅವರಲ್ಲಿ ಒಂದು ಭಾಗಕ್ಕೆ ಹೆಚ್ಚಿನ ಪ್ರಮಾಣದ ಸೆಲೆನಿಯಮ್ ಕೊಟ್ಟು ನೋಡಿತು. ಉಪಯೋಗ ಕಾಣಲಿಲ್ಲ. ಈ ಎರಡೂ ಕಡೆ ಸಿದ್ಧಾಂತ ಚೆನ್ನಾಗಿತ್ತು, ಪ್ರಾಣಿ ಪ್ರಯೋಗ ಚೆನ್ನಾಗಿತ್ತು.

ಮೆಗ್ನೀಸಿಯಮ್‌ದು ಬೇರೆ ಕಥೆ. ಜೋರಾದ ಅಸ್ತಮಾದಲ್ಲಿ ಶ್ವಾಸನಾಳ ಸಡಿಲಿಸಲು ಅದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅತಿಯಾದರೆ ಉಸಿರಾಟದ ಸ್ನಾಯುಗಳೇ ದುರ್ಬಲವಾಗುತ್ತವೆ. ವೆಂಟಿಲೇಟರ್‌ನಿಂದ ಹೊರಬರಬೇಕಾದವರಿಗೆ ಅದು ಬೇಡದ ಸಂಗತಿ.

ಕೋವಿಡ್ ಕಾಲದಲ್ಲಿ ಎಲ್ಲರೂ ಜಿಂಕ್ ಮಾತ್ರೆ ನುಂಗಿದರಲ್ಲ?

ನುಂಗಿದರು. 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆ 214 ಜನರನ್ನು ನೋಡಿತು. ಅವರೆಲ್ಲ ಆಸ್ಪತ್ರೆಗೆ ಸೇರದೆ ಮನೆಯಲ್ಲಿದ್ದ ಕೋವಿಡ್ ರೋಗಿಗಳು. ಹೆಚ್ಚಿನ ಪ್ರಮಾಣದ ಜಿಂಕ್, ವಿಟಮಿನ್ ಸಿ, ಅಥವಾ ಎರಡನ್ನೂ ಕೊಟ್ಟರು. ಲಕ್ಷಣಗಳು ಬೇಗ ಇಳಿಯಲಿಲ್ಲ. ಮುಂದುವರಿಸಿ ಉಪಯೋಗವಿಲ್ಲ ಅಂತ ಅರ್ಧಕ್ಕೇ ನಿಲ್ಲಿಸಿದರು. ಅವರು ಯಾರೂ ವೆಂಟಿಲೇಟರ್ ಮೇಲೆ ಇರಲಿಲ್ಲ, ಆದ್ದರಿಂದ ನಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಜಿಂಕ್ ತಾನೇ, ಕೊಟ್ಟರೆ ನಷ್ಟ ಏನು?

ಅತಿಯಾದರೆ ಅಮೃತವೂ ವಿಷ ಅಂತ ಹೇಳುವುದು ಇಂಥದ್ದಕ್ಕೇ. ಆರೋಗ್ಯವಂತ ಗಂಡಸರಿಗೆ ದಿನಕ್ಕೆ 11 ಮಿ.ಗ್ರಾಂ., ಹೆಂಗಸರಿಗೆ 8 ಮಿ.ಗ್ರಾಂ. ಸಾಕು ಎಂಬುದು ಅಮೆರಿಕದ ಶಿಫಾರಸು. ಮೇಲಿನ ಮಿತಿ 40 ಮಿ.ಗ್ರಾಂ. ಬಹಳ ದಿನ ಜಾಸ್ತಿ ತೆಗೆದುಕೊಂಡರೆ ದೇಹ ತಾಮ್ರ ಹೀರುವುದು ಕಡಿಮೆಯಾಗುತ್ತದೆ. ಅದರಿಂದ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ, ನರಗಳ ತೊಂದರೆ ಬರಬಹುದು. ಉರಿಯೂತ ಕಡಿಮೆ ಮಾಡಲು ಹೋಗಿ ಸೋಂಕಿನ ಜೊತೆ ಹೋರಾಡುವ ಕಣಗಳನ್ನೇ ಕಳೆದುಕೊಂಡ ಹಾಗೆ.

ಇನ್ನೊಂದು ಅಪಾಯ ಸುಲಭಕ್ಕೆ ಕಣ್ಣಿಗೆ ಬೀಳದು. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಬಗೆಯ ಆಂಟಿಬಯಾಟಿಕ್‌ಗಳನ್ನು ಬಾಯಿಂದ ಅಥವಾ ನಳಿಕೆಯಿಂದ ಕೊಡುವಾಗ ಜೊತೆಗೇ ಜಿಂಕ್ ಹೋದರೆ, ಎರಡೂ ಅಂಟಿಕೊಂಡು ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಗಾಗಿ ಮನೆಯಿಂದ ಮಾತ್ರೆ ಪುಡಿ ಮಾಡಿ ತಂದು 'ಹಾಲಿನ ಜೊತೆ ಹಾಕಿಬಿಡಿ' ಅಂತ ನರ್ಸಿಗೆ ಕೊಡಬೇಡಿ. ಪ್ರೀತಿಯಿಂದಲೇ ಮಾಡುವ ಕೆಲಸ ಅಂತ ಗೊತ್ತು. ಆದರೂ ಬೇಡ.

ಹಾಗಾದರೆ ಐಸಿಯುನಲ್ಲಿ ಜಿಂಕ್ ಕೊಡುವುದೇ ಇಲ್ಲವಾ?

ಕೊಡುತ್ತಾರೆ. ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ ಪಡೆಯುವ ವಯಸ್ಕರಿಗೆ ದಿನಕ್ಕೆ ಸುಮಾರು 3ರಿಂದ 5 ಮಿ.ಗ್ರಾಂ. ಜಿಂಕ್ ಅದರಲ್ಲೇ ಸೇರಿರುತ್ತದೆ. ನಳಿಕೆಯ ಆಹಾರದಲ್ಲೂ ಇರುತ್ತದೆ. ದೊಡ್ಡ ಸುಟ್ಟಗಾಯ, ನಿಲ್ಲದ ಭೇದಿ ಇದ್ದವರು ಜಿಂಕ್ ಜಾಸ್ತಿ ಕಳೆದುಕೊಳ್ಳುತ್ತಾರೆ, ಅವರಿಗೆ ಹೆಚ್ಚು ಬೇಕಾಗಬಹುದು. ಇದು ಪೋಷಣೆಯ ಲೆಕ್ಕ. ವೆಂಟಿಲೇಟರ್ ಹಾನಿ ತಡೆಯುವ ಮದ್ದಾಗಿ ಕೊಡುವುದು ಈಗಿನ ರೂಢಿಯಲ್ಲಿಲ್ಲ.

ಜಿಂಕ್ ಬಿಡಿ, ಹಾನಿ ಕಡಿಮೆ ಮಾಡಲು ಈಗ ಏನಿದೆ? ವೈದ್ಯರನ್ನು ನಾನು ಏನು ಕೇಳಲಿ?

ಗಾಳಿ ಕಡಿಮೆ ಕೊಡುವುದು, ಒತ್ತಡವನ್ನು 30 ಸೆಂ.ಮೀ. ನೀರಿನ ಮಟ್ಟದೊಳಗೆ ಇಡುವುದು, ಎಆರ್‌ಡಿಎಸ್ ಜೋರಾಗಿದ್ದರೆ ದಿನದ ಬಹುಪಾಲು ಬೋರಲು ಮಲಗಿಸುವುದು. ಬೋರಲು ಮಲಗಿಸುವುದನ್ನು ಕಡೆಗಣಿಸಬೇಡಿ. 2013ರಲ್ಲಿ ಪ್ರಕಟವಾದ, 466 ರೋಗಿಗಳ ಪ್ರೋಸೇವಾ ಪರೀಕ್ಷೆಯಲ್ಲಿ 28 ದಿನದ ಸಾವು 32.8% ಇದ್ದದ್ದು 16.0%ಗೆ ಇಳಿಯಿತು. ಇಂಥ ಫಲ ಯಾವ ಖನಿಜವೂ ಕೊಟ್ಟಿಲ್ಲ.

ಇನ್ನು ಕೇಳುವುದಾದರೆ ಒಂದು ಸಣ್ಣ ಪ್ರಶ್ನೆ ಕೇಳಿ: 'ಡಾಕ್ಟ್ರೇ, ಇವರ ಎತ್ತರ ಅಳೆದಿದ್ದೀರಾ?' ಶ್ವಾಸಕೋಶದ ಗಾತ್ರ ಎತ್ತರಕ್ಕೆ ತಕ್ಕಂತೆ ಇರುತ್ತದೆ. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಕೆಜಿಗೆ 6 ಮಿ.ಲೀ. ಅನ್ನುವಾಗ ಲೆಕ್ಕಕ್ಕೆ ಹಿಡಿಯುವುದು ಎತ್ತರದಿಂದ ಬರುವ ತೂಕವನ್ನು. 165 ಸೆಂ.ಮೀ. ಎತ್ತರದ ಗಂಡಸಿಗೆ ಅದು ಸುಮಾರು 61.5 ಕೆಜಿ, ಅಂದರೆ ಒಂದು ಉಸಿರಿಗೆ 370 ಮಿ.ಲೀ. ಹತ್ತಿರ. ಅವರು ತಕ್ಕಡಿಯಲ್ಲಿ 90 ಕೆಜಿ ತೂಗಿದರೂ ಅಷ್ಟೇ. ತಕ್ಕಡಿಯ ತೂಕ ಹಿಡಿದರೆ 540 ಮಿ.ಲೀ. ಹೋಗಿಬಿಡುತ್ತದೆ. ಮಲಗಿರುವವರ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆದರೆ ತಪ್ಪುವ ಸಾಧ್ಯತೆ ಇದ್ದೇ ಇದೆ. ಟೇಪ್ ಹಿಡಿದು ನೆತ್ತಿಯಿಂದ ಹಿಮ್ಮಡಿವರೆಗೆ ಅಳೆಯಲು ಒಂದು ನಿಮಿಷ ಸಾಕು.